‘ಪರವಾಗಿಲ್ಲ’ ಎಂಬ ಉತ್ತರ: ಕಿಂಡರ್ ಸ್ಕೌಟ್ ಮೇಲೆ ಒಂದು ಜನವರಿ ಮಧ್ಯಾಹ್ನ

ಈ ಬರಹದಲ್ಲಿ ಯಾರ ಹೆಸರನ್ನೂ ಹೇಳುತ್ತಿಲ್ಲ. ವಯಸ್ಸು, ಉದ್ಯೋಗ, ನೆಂಟಸ್ತಿಕೆಗಳಲ್ಲಿ ಒಂದೆರಡನ್ನು ಬದಲಿಸಿದ್ದೇನೆ. ನಡೆದ ದಾರಿ, ಗಡಿಯಾರದ ಹೊತ್ತು, ನಾವು ಮಾಡಿದ ತೀರ್ಮಾನಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ. ಗುಂಪಿನ ಎಲ್ಲರ ಒಪ್ಪಿಗೆ ಕೇಳಿದ್ದೇನೆ. ಯಾರ ಸುತ್ತ ಈ ಕಥೆ ನಡೆಯುತ್ತದೋ ಅವರೇ ಮೊದಲು ಒಪ್ಪಿದರು: “ಬರಿ, ಇನ್ನೊಬ್ಬರ ಅಮ್ಮನಿಗೆ ಹೀಗಾಗಬಾರದು.”

ಹಿನ್ನೆಲೆ

ಉತ್ತರ ಇಂಗ್ಲೆಂಡಿನ ಒಂದು ನಗರದಲ್ಲಿರುವ ಕೆಲವು ಕನ್ನಡ ಕುಟುಂಬಗಳು ಸೇರಿ ಆಗಾಗ ಗುಡ್ಡಗಾಡಿನಲ್ಲಿ ನಡೆಯುತ್ತೇವೆ. ದಾರಿ ಗೊತ್ತುಮಾಡುವುದು, ರೈಲು ನೋಡುವುದು, ವಾಟ್ಸಾಪ್‌ನಲ್ಲಿ ಎಲ್ಲರಿಗೂ ತಿಳಿಸುವುದು ನನ್ನ ಕೆಲಸ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮ್ಯಾಮ್ ಟಾರ್ ಸೇರಿದಂತೆ ನಾಲ್ಕು ನಡಿಗೆ ಮುಗಿಸಿದ್ದೆವು. ಚಳಿಗಾಲದ ನಡಿಗೆ ಇದೇ ಮೊದಲು.

ಜನವರಿಯ ಮೊದಲ ಶನಿವಾರಕ್ಕೆ ಕಿಂಡರ್ ಸ್ಕೌಟ್ ಗೊತ್ತಾಯಿತು. ಪೀಕ್ ಡಿಸ್ಟ್ರಿಕ್ಟ್‌ನ ಅತಿ ಎತ್ತರದ ನೆಲ ಅದು, 636 ಮೀಟರ್. ಶಿಖರವೆನ್ನುವಂಥದ್ದೇನೂ ಇಲ್ಲ, ಮೇಲೆ ಹೋದರೆ ಕಪ್ಪು ಪೀಟ್ ಮಣ್ಣಿನ ವಿಶಾಲ ಬಯಲು, ಅದರ ಅಂಚಿಗೆ ಗಾಳಿ ಕೊರೆದ ಬಂಡೆಗಳು. ಗುಂಪಿನ ಇಬ್ಬರು ಯುವಕರು ಅದನ್ನೇ ಹಟ ಹಿಡಿದು ಕೇಳಿದ್ದಕ್ಕೆ ಕಾರಣವಿತ್ತು. ಗುಡ್ಡಗಳೆಲ್ಲ ಜಮೀನುದಾರರ ಬೇಟೆಗೆ ಮೀಸಲಾಗಿದ್ದ ಕಾಲದಲ್ಲಿ, 1932ರ ಏಪ್ರಿಲ್ 24ರಂದು, ನೂರಾರು ಕಾರ್ಮಿಕ ಯುವಜನರು ಬೇಕೆಂದೇ ಅಪ್ಪಣೆಯಿಲ್ಲದೆ ಹತ್ತಿದ ಗುಡ್ಡ ಇದೇ. ಅದಕ್ಕಾಗಿ ಕೆಲವರು ಜೈಲಿಗೂ ಹೋದರು. 1951ರಲ್ಲಿ ಇದೇ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಆ ನೆಲವನ್ನು ಮೆಟ್ಟಿ ಬರಬೇಕೆಂಬ ಆಸೆ ನನಗೂ ಇತ್ತು. ಒಂದು ಜಾಗವನ್ನು ಮುಟ್ಟಲೇಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡು ಹೊರಟವರು ಹಿಂದಿರುಗುವ ಮಾತನ್ನು ತಡವಾಗಿ ಆಡುತ್ತಾರೆ. ನಮ್ಮಲ್ಲೂ ಹಾಗೇ ಆಯಿತು.

ನಾವು ಹನ್ನೊಂದು ಜನ: ಒಂಬತ್ತು ಹಿರಿಯರು, ಹದಿನಾಲ್ಕು ಮತ್ತು ಹದಿನಾರರ ಇಬ್ಬರು ಹುಡುಗರು. ಹಿರಿಯರಲ್ಲಿ ಒಬ್ಬರು ನಮ್ಮ ಗೆಳೆಯನ ತಾಯಿ. ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಅರವತ್ತೊಂದು ವರ್ಷ, ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎಲ್ಲರೂ ಕರೆಯುತ್ತಿದ್ದ ಹಾಗೆ ಇಲ್ಲೂ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಊರಿನಲ್ಲಿ ದಿನಕ್ಕೆ ಐದು ಕಿಲೋಮೀಟರ್ ನಡೆಯುವವರು, ಮಕ್ಕಳನ್ನು ಕರೆದುಕೊಂಡು ಮುಳ್ಳಯ್ಯನಗಿರಿ ಹತ್ತಿದವರು. 1,930 ಮೀಟರಿನ ಬೆಟ್ಟ ಕಂಡವರಿಗೆ 636 ಮೀಟರ್ ಯಾವ ಲೆಕ್ಕ ಎಂದುಕೊಂಡೆವು. ಎತ್ತರವನ್ನು ಎತ್ತರಕ್ಕೆ ಹೋಲಿಸಿದೆವೇ ಹೊರತು ಗಾಳಿ, ತೇವ, ಹಗಲಿನ ಉದ್ದ ಇವನ್ನು ಯಾರೂ ಹೋಲಿಸಲಿಲ್ಲ. ಅಲ್ಲಿ ಜನವರಿ ಮೊದಲ ವಾರ ಸೂರ್ಯ ಮುಳುಗುವುದು ಮಧ್ಯಾಹ್ನ ನಾಲ್ಕಕ್ಕೆ.

ಲೆಕ್ಕ

ಗುಡ್ಡ ನಡೆಯುವವರು ಹೊತ್ತನ್ನು ಅಂದಾಜು ಮಾಡಲು ಬಳಸುವ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟದ್ದು. ಈಗಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈಡೇಲ್ ಹಳ್ಳಿಯಿಂದ ಹೊರಟು ಜೇಕಬ್ಸ್ ಲ್ಯಾಡರ್ ಹತ್ತಿ, ಕಿಂಡರ್ ಲೋ ಮುಟ್ಟಿ, ಬಯಲಿನ ದಕ್ಷಿಣದ ಅಂಚು ಹಿಡಿದು ಗ್ರಿಂಡ್ಸ್‌ಬ್ರೂಕ್ ಕಣಿವೆಯಲ್ಲಿ ಇಳಿದರೆ ಸುಮಾರು 14 ಕಿಲೋಮೀಟರ್, 450 ಮೀಟರ್ ಏರು. ಸೂತ್ರದ ಪ್ರಕಾರ ಮೂರೂವರೆ ಗಂಟೆ. ಊಟಕ್ಕೆ, ವಿಶ್ರಾಂತಿಗೆ ಒಂದು ಗಂಟೆ ಸೇರಿಸಿದೆ. ಹತ್ತಕ್ಕೆ ಹೊರಟರೆ ಎರಡೂವರೆಗೆ ವಾಪಸ್ ಎಂದು ವಾಟ್ಸಾಪ್‌ನಲ್ಲಿ ಬರೆದೆ.

ಎರಡು ವಿಷಯಗಳನ್ನು ಬರೆಯಲಿಲ್ಲ. ಇಷ್ಟು ಹೊತ್ತಿನೊಳಗೆ ಇಂಥ ಜಾಗ ಮುಟ್ಟದಿದ್ದರೆ ಹಿಂದಿರುಗುತ್ತೇವೆ ಎಂಬುದು ಒಂದು. ಗುಡ್ಡದ ಮೇಲಿನ ಹವಾಮಾನ ಇನ್ನೊಂದು. ನಾನು ನೋಡಿದ್ದು ಈಡೇಲ್ ಹಳ್ಳಿಯ ಮುನ್ಸೂಚನೆ, ಮೂರು ಡಿಗ್ರಿ, ಮೋಡ. ಹಳ್ಳಿಗಿಂತ ಬಯಲು ಸುಮಾರು 400 ಮೀಟರ್ ಮೇಲಿದೆ. ಅಲ್ಲಿ ಚಳಿ ಸೊನ್ನೆಗೆ ಇಳಿದಿರುತ್ತದೆ, ಗಾಳಿಗೆ ತಡೆಯೇ ಇಲ್ಲ. ಗುಡ್ಡಗಳಿಗೆಂದೇ ಬೇರೆ ಮುನ್ಸೂಚನೆ ಬರುತ್ತದೆ. ಆ ಪುಟವನ್ನು ತೆರೆಯದೆ ಬಿಟ್ಟದ್ದು ನನ್ನ ತಪ್ಪು.

ಬೆಳಗ್ಗೆ ರೈಲು ಮುಕ್ಕಾಲು ಗಂಟೆ ತಡವಾಯಿತು. ಈಡೇಲ್ ನಿಲ್ದಾಣ ಬಿಟ್ಟಾಗ 10:45. ಪ್ಲಾಟ್‌ಫಾರ್ಮಿನಲ್ಲೇ ದಾರಿ ಬದಲಿಸಬಹುದಿತ್ತು. ಕಣಿವೆಯ ಇನ್ನೊಂದು ಮಗ್ಗುಲಲ್ಲಿ, 400 ಮೀಟರಿಗೂ ಕಡಿಮೆ ಎತ್ತರದಲ್ಲಿ ಹಾಲಿನ್ಸ್ ಕ್ರಾಸ್ ಇದೆ. ಎರಡು ಮೂರು ಗಂಟೆಯಲ್ಲಿ ಹೋಗಿ ಬರಬಹುದು. ಆ ಮಾತನ್ನು ಯಾರೂ ಎತ್ತಲಿಲ್ಲ. ಸ್ವಲ್ಪ ಬೇಗ ಬೇಗ ನಡೆದರಾಯಿತು ಎಂದೆ. ಹನ್ನೊಂದು ಜನರ ಗುಂಪು ಬೇಗ ನಡೆಯುವುದಿಲ್ಲ. ಅದು ಎಲ್ಲರಿಗಿಂತ ಹಿಂದಿರುವವರ ವೇಗದಲ್ಲೇ ನಡೆಯುತ್ತದೆ.

ಮೇಲೆ

ಹಳ್ಳಿಯಿಂದ ಅಪ್ಪರ್ ಬೂತ್‌ವರೆಗೆ ಕುರಿ ಮೇಯುವ ಹೊಲಗಳ ನಡುವೆ ಕಲ್ಲುಚಪ್ಪಡಿಯ ಕಾಲುದಾರಿ. ಪೆನೈನ್ ವೇ ಎಂಬ ದೂರದ ನಡಿಗೆಯ ದಾರಿ ಶುರುವಾಗುವುದು ಇಲ್ಲಿಂದಲೇ. ಚಪ್ಪಡಿಗಳ ಮೇಲೆ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಒಬ್ಬರ ಕೈ ಇನ್ನೊಬ್ಬರು ಹಿಡಿದು ನಡೆದೆವು. ಟೀಚರ್ ಎಲ್ಲರಿಗಿಂತ ಮುಂದೆ, ಹುಡುಗರಿಗೆ ಒಗಟು ಹೇಳುತ್ತ ಹೋಗುತ್ತಿದ್ದರು. ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲ ಏರು ಹತ್ತಿದಾಗ ಎಲ್ಲರಿಗೂ ಬೆವರು ಬಂತು. ಏರಿನ ತುದಿ ಮುಟ್ಟಿದಾಗ 1:05.

ಅಲ್ಲಿ ಒಂದು ಕಲ್ಲುಗೋಡೆಯ ಮರೆಯಲ್ಲಿ ಊಟಕ್ಕೆ ಕುಳಿತೆವು. ಪುಳಿಯೋಗರೆ, ಚಪಾತಿ ಪಲ್ಯ, ಫ್ಲಾಸ್ಕಿನ ಚಹಾ. ಇಪ್ಪತ್ತು ನಿಮಿಷ ಎಂದದ್ದು ಮೂವತ್ತೈದಾಯಿತು.

ಇಡೀ ದಿನದಲ್ಲಿ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವುದು ಈ ಊಟದ ಹೊತ್ತನ್ನು. ಆಗ ಒಂದು ಬಾಯಿಲೆಕ್ಕ ಮಾಡಿದ್ದರೆ ಸಾಕಿತ್ತು. ಅಲ್ಲಿಯವರೆಗೆ ಐದೂವರೆ ಕಿಲೋಮೀಟರ್ ಬಂದಿದ್ದೆವು, ಸುಮಾರು 300 ಮೀಟರ್ ಏರಿದ್ದೆವು. ಸೂತ್ರದ ಪ್ರಕಾರ ಅದಕ್ಕೆ 96 ನಿಮಿಷ. ನಮಗೆ ಹಿಡಿದದ್ದು 140. ಅಂದರೆ ಸುಮಾರು ಒಂದೂವರೆ ಪಟ್ಟು. ಉಳಿದ ಎಂಟೂವರೆ ಕಿಲೋಮೀಟರಿಗೆ ಸೂತ್ರ ಎರಡು ಗಂಟೆ ಕೊಟ್ಟರೆ ನಮಗೆ ಮೂರು ಗಂಟೆ ಬೇಕು. 1:40ಕ್ಕೆ ಎದ್ದರೆ 4:40. ಗ್ರಿಂಡ್ಸ್‌ಬ್ರೂಕ್ ಇಳಿಜಾರಿನ ಮೇಲುಭಾಗ ಬಂಡೆಗಳ ರಾಶಿ, ಕೈಯೂರಿ ಇಳಿಯಬೇಕು. ಅದನ್ನು ಕತ್ತಲಲ್ಲಿ, ಹನ್ನೊಂದು ಜನಕ್ಕೆ ನಾಲ್ಕೇ ಹೆಡ್‌ಟಾರ್ಚ್ ಇಟ್ಟುಕೊಂಡು ಇಳಿಯಬೇಕಾಗುತ್ತಿತ್ತು. ಗಣಿತದ ಟೀಚರ್ ಪಕ್ಕದಲ್ಲೇ ಕುಳಿತಿದ್ದರು. ಲೆಕ್ಕ ಕೇಳುವುದು ನನಗೆ ಹೊಳೆಯಲಿಲ್ಲ.

ಅದೇ ಊಟದ ಹೊತ್ತಿನಲ್ಲಿ ನಡೆದ ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಚಿಕ್ಕ ಹುಡುಗ ದಾರಿಯಲ್ಲೆಲ್ಲೋ ತನ್ನ ಗ್ಲೌಸ್ ಬೀಳಿಸಿಕೊಂಡಿದ್ದ. ಟೀಚರ್ ತಮ್ಮದನ್ನು ಬಿಚ್ಚಿ ಅವನ ಕೈಗೆ ಹಾಕಿ, “ಯಾರಿಗೂ ಹೇಳಬೇಡ, ನಂಗೆ ಜೇಬಿದೆ” ಎಂದಿದ್ದರು. ಜಾಕೆಟ್ಟಿನ ಒಳಗೆ ಹತ್ತಿಯ ರವಿಕೆಯಂಥ ಬನಿಯನ್ನು, ಅದರ ಮೇಲೆ ಹತ್ತಿಯ ಕುರ್ತಾ. ಏರಿನಲ್ಲಿ ಬಂದ ಬೆವರಿಗೆ ಎರಡೂ ತೊಯ್ದಿದ್ದವು. ಹತ್ತಿ ನೆಂದರೆ ಬೇಗ ಆರುವುದಿಲ್ಲ, ಮೈಯ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ನಮ್ಮೂರಿನ ಸೆಕೆಗೆ ತಂಪು ಕೊಡುವ ಗುಣವೇ ಅಲ್ಲಿ ಮುಳುವಾಯಿತು.

ಏಳುವಾಗ ಕೇಳಿದೆ: “ಟೀಚರ್, ಆರಾಮಾ?”

“ಪರವಾಗಿಲ್ಲಪ್ಪ, ನಡಿ.”

ಮಂಜು

ಕಿಂಡರ್ ಲೋ ಕಡೆಗೆ ಹೋಗುತ್ತಿದ್ದಂತೆ ಮೋಡ ಕೆಳಗಿಳಿಯಿತು. ಮೂವತ್ತು ಹೆಜ್ಜೆ ಆಚೆ ಏನೂ ಕಾಣದು. ಪಶ್ಚಿಮದ ಗಾಳಿ ಮುಖಕ್ಕೆ ಹಿಮದ ಪುಡಿ ಎರಚುತ್ತಿತ್ತು. ಇಬ್ಬರು ಯುವಕರು ಹಿಮದಲ್ಲಿ ಕಂಡ ಹೆಜ್ಜೆ ಗುರುತುಗಳನ್ನು ಹಿಡಿದು ಮುಂದೆ ಹೋಗಿಬಿಟ್ಟರು. ಕಿಂಡರ್ ಲೋ ಎಂದರೆ ಬಂಡೆಗಳ ಮೇಲೆ ನಿಲ್ಲಿಸಿರುವ ಒಂದು ಕಾಂಕ್ರೀಟ್ ಕಂಬ. ಭೂಮಾಪನದವರು ಹಿಂದೆ ಅಳತೆಗೆ ನೆಟ್ಟದ್ದು. ಎದೆಯೆತ್ತರ, ಚೌಕ, ಮೇಲೆ ಹೋದಂತೆ ಕಿರಿದು. ಹಿಮ ಮೆತ್ತಿ ಬೆಳ್ಳಗಾಗಿತ್ತು. ಅದನ್ನು ನೋಡಿ ಟೀಚರ್, “ಇಲ್ಲೂ ತುಳಸಿ ಕಟ್ಟೆ ಇದೆಯಲ್ಲೋ” ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಗಂಟೆ 2:15.

ಮುಂದೆ ಹೋದವರು ಅಲ್ಲಿರಲಿಲ್ಲ. ಅವರು ಹಿಡಿದ ಹೆಜ್ಜೆಗಳು ಅಂಚಿನ ದಾರಿಯವಲ್ಲ. ಇನ್ನಾರದೋ ಹೆಜ್ಜೆಗಳವು, ಬಯಲಿನ ನಡುವಿನ ಪೀಟ್ ಕೊರಕಲುಗಳ ಕಡೆಗೆ ಹೋಗಿದ್ದವು. ಆ ಕೊರಕಲುಗಳು ಆಳೆತ್ತರ ಇರುತ್ತವೆ, ಒಳಗಿಳಿದರೆ ದಿಕ್ಕೇ ತಿಳಿಯದು. ಸೀಟಿ ಊದಿದೆವು: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಮೌನ, ಮತ್ತೆ ಆರು. ಇಪ್ಪತ್ತು ನಿಮಿಷ ಗಾಳಿಯಲ್ಲಿ ನಿಂತೇ ಇದ್ದೆವು. ಕೊನೆಗೆ ಸೀಟಿಯ ದಿಕ್ಕು ಹಿಡಿದು ಇಬ್ಬರೂ ಬಂದರು. ಅವರು ಸಿಕ್ಕ ನೆಮ್ಮದಿಯಲ್ಲಿ, ನಿಂತು ಕಾದವರು ಎಷ್ಟು ತಣ್ಣಗಾಗಿದ್ದಾರೆಂದು ನೋಡುವುದನ್ನೇ ಮರೆತೆ.

ಮತ್ತೆ ಕೇಳಿದೆ, ಎಲ್ಲರೆದುರು, ಗಾಳಿಗೆ ಕೂಗಿಕೊಂಡು: “ಟೀಚರ್, ಚಳಿಯಾಗ್ತಿದೆಯಾ?”

“ಪರವಾಗಿಲ್ಲ.”

ಮಗನೂ ಕೇಳಿದ. ಅವನಿಗೂ ಅದೇ ಉತ್ತರ.

ನಮ್ಮ ಗುಂಪಿನಲ್ಲಿ ಒಬ್ಬಳು ವೈದ್ಯೆ ಇದ್ದಾಳೆ, ಹುಡುಗರಿಬ್ಬರನ್ನು ಬಿಟ್ಟರೆ ಎಲ್ಲರಿಗಿಂತ ಕಿರಿಯಳು. ಊಟವಾದ ಮೇಲೆ ಟೀಚರ್ ಒಗಟು ಹೇಳುವುದನ್ನು ನಿಲ್ಲಿಸಿದ್ದನ್ನು ಅವಳು ಗಮನಿಸಿದ್ದಳು. ಆದರೆ ಹಿರಿಯರು, ಸ್ವಂತ ಮಗ, ದಾರಿ ತೋರಿಸುವ ನಾನು, ಎಲ್ಲರೂ ಸರಿ ಎನ್ನುವಾಗ ಹೇಗೆ ಮಾತಾಡುವುದು ಎಂದು ಸುಮ್ಮನಿದ್ದಳಂತೆ. ಈಗ ಅವಳು ಏನೂ ಕೇಳಲಿಲ್ಲ. ಒಂದು ಚಾಕಲೇಟು ಕೊಟ್ಟು, “ಟೀಚರ್, ಇದರ ಕಾಗದ ಬಿಚ್ಚಿ” ಎಂದಳು. ಟೀಚರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೆರಳುಗಳು ಮಡಿಚಲಿಲ್ಲ. ಚಾಕಲೇಟು ಕೆಳಗೆ ಬಿತ್ತು. “ಏಳರ ಮಗ್ಗಿ ಹೇಳಿ ನೋಡೋಣ.”

“ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಏಳ್ಮೂರ್ಲ... ಏಳ್ಮೂರ್ಲ...”

ನಾಲಗೆ ತೊದಲುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಒಪ್ಪಿಸಿಕೊಂಡ ಹೆಂಗಸು ಇಪ್ಪತ್ತೊಂದನ್ನು ಹುಡುಕುತ್ತ ನಿಂತಿದ್ದರು. ಮಗನ ಮುಖ ಬಿಳಿಚಿಕೊಂಡಿತು. ಆ ಕ್ಷಣದಿಂದ ಗುಂಪನ್ನು ನಡೆಸಿದವಳು ಅವಳು, ನಾನಲ್ಲ.

ಮಾಡಿದ್ದು

ಮೈಯ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೊಥರ್ಮಿಯ ಎನ್ನುತ್ತಾರೆ. ಎಡವುವುದು, ತೊದಲುವುದು, ಬೆರಳಿನ ಕೆಲಸ ತಪ್ಪುವುದು, ಮಂಕಾಗುವುದು, ಇವು ಅದರ ಮುನ್ಸೂಚನೆ. ಬುದ್ಧಿಯೇ ಮಂಕಾಗುವುದರಿಂದ ತನಗೇನಾಗಿದೆ ಎಂದು ಆ ವ್ಯಕ್ತಿಗೇ ತಿಳಿಯುವುದಿಲ್ಲ. ಟೀಚರ್ ಇನ್ನೂ ನಡುಗುತ್ತಿದ್ದರು. ಅದು ಒಳ್ಳೆಯದು ಎಂದಳು ವೈದ್ಯೆ. ಚಳಿ ಹಾಗೇ ಇದ್ದು ನಡುಕ ಮಾತ್ರ ನಿಂತುಹೋದರೆ ಅದು ಇನ್ನೂ ಕೆಟ್ಟ ಹಂತ.

ಅವಳ ಚೀಲದಲ್ಲಿ ಆರು ಜನ ಕೂರಬಹುದಾದ ಎಮರ್ಜೆನ್ಸಿ ಶೆಲ್ಟರ್ ಇತ್ತು. ಕಂಬವಿಲ್ಲದ, ತಲೆಯ ಮೇಲಿಂದ ಹೊದ್ದು ಅಂಚನ್ನು ಕೆಳಗೆ ಹಾಕಿಕೊಂಡು ಕೂರುವ ಕಿತ್ತಳೆ ಬಣ್ಣದ ಬಟ್ಟೆ. ಬಂಡೆಯ ಮರೆಯಲ್ಲಿ ಚೀಲಗಳನ್ನು ಹಾಸಿ, ಟೀಚರ್‌ರನ್ನು ನಡುವೆ ಕೂರಿಸಿ, ಒಟ್ಟು ಐದು ಜನ ಒಳಗೆ ಸೇರಿದರು. ಎರಡೇ ನಿಮಿಷಕ್ಕೆ ಒಳಗೆ ಬೆಚ್ಚಗಾಯಿತು. ಒದ್ದೆ ಬಟ್ಟೆ ತೆಗೆಸಿ ಒಣ ಉಣ್ಣೆಯಂಗಿ ಹಾಕಿದರು. ಮಗ ಅಳುತ್ತ ಅಮ್ಮನ ಕೈ ತಿಕ್ಕಲು ಹೋದ. ತಿಕ್ಕಬಾರದು, ಸುಮ್ಮನೆ ಹಿಡಿದುಕೊಳ್ಳಿ ಎಂದು ತಡೆದಳು. ನುಂಗಲು ಕಷ್ಟವಿಲ್ಲವೆಂದು ಖಾತ್ರಿ ಮಾಡಿಕೊಂಡು ಸಕ್ಕರೆ ಹೆಚ್ಚಿಗೆ ಬೆರೆಸಿದ ಚಹಾವನ್ನು ಗುಟುಕು ಗುಟುಕಾಗಿ, ಜೊತೆಗೆ ಕಡಲೆಕಾಯಿ ಚಿಕ್ಕಿ. ಹೊರಗೆ ಉಳಿದ ಆರು ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಇದ್ದದ್ದನ್ನೆಲ್ಲ ಹಾಕಿಕೊಂಡು, ಕಾಲು ಕುಟ್ಟುತ್ತ ನಿಂತೆವು.

ಆಗ ಎರಡು ಪ್ರಶ್ನೆಗಳು ಎದ್ದವು. ಮುಂದೆಯೋ ಹಿಂದೆಯೋ? “ಅರ್ಧ ದಾರಿ ಬಂದಿದ್ದೀವಿ, ಎರಡೂ ಕಡೆ ಒಂದೇ ದೂರ” ಎಂದ ಯುವಕರಲ್ಲಿ ಒಬ್ಬ. ದೂರ ಹೆಚ್ಚುಕಡಿಮೆ ಒಂದೇ ಇರಬಹುದು. ಆದರೆ ಮುಂದಿನ ದಾರಿ ನಮಗೆ ಗೊತ್ತಿಲ್ಲದ್ದು, ಇನ್ನಷ್ಟು ಹೊತ್ತು ಬಯಲಿನ ಮೇಲೆಯೇ ಗಾಳಿಗೆ ಒಡ್ಡಿಕೊಂಡದ್ದು. ಹಿಂದಿನದು ಒಂದೂವರೆ ಕಿಲೋಮೀಟರಿನಲ್ಲಿ ಇಳಿಜಾರು ಹಿಡಿಯುತ್ತದೆ. ಹಿಂದೆ ಎಂದು ಬೇಗ ತೀರ್ಮಾನವಾಯಿತು.

ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕೋ ಬೇಡವೋ ಎಂಬುದು ಬೇಗ ತೀರ್ಮಾನವಾಗಲಿಲ್ಲ. ನಾನೇ ಹಿಂದೆಮುಂದೆ ನೋಡಿದೆ. ರಕ್ಷಣಾ ತಂಡದವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು, ಶನಿವಾರ ಮನೆಯಲ್ಲಿರುವವರನ್ನು ಸುಮ್ಮನೆ ಎಬ್ಬಿಸುವುದೇಕೆ, ಸ್ವಲ್ಪ ಕಾದು ನೋಡೋಣ ಎಂದೆ. ವೈದ್ಯೆ ಶೆಲ್ಟರಿನೊಳಗಿಂದಲೇ ಹೇಳಿದಳು: “ಅಣ್ಣ, ಟೀಚರ್ ಹೇಳಿದ್ದೂ ಇದೇ ಮಾತು.” ಫೋನು ತೆಗೆದೆ. ಚಳಿಗೆ ಬ್ಯಾಟರಿ ಕುಸಿದು ಹನ್ನೆರಡು ಪ್ರತಿಶತ ತೋರಿಸುತ್ತಿತ್ತು. ಮೊದಲು ಪೊಲೀಸ್, ಅವರ ಮೂಲಕ ಮೌಂಟನ್ ರೆಸ್ಕ್ಯೂ. ನಕ್ಷೆಯ ಗ್ರಿಡ್ ಸಂಖ್ಯೆ ಹೇಳಿದೆ. ಕೆಲವೇ ನಿಮಿಷದಲ್ಲಿ ತಂಡದವರೊಬ್ಬರು ವಾಪಸ್ ಕರೆ ಮಾಡಿ ವೈದ್ಯೆಯೊಡನೆ ಮಾತಾಡಿದರು: ಚೇತರಿಸಿಕೊಂಡು ಸರಿಯಾಗಿ ನಡೆಯಬಲ್ಲರಾದರೆ ಎಲ್ಲರೂ ಒಟ್ಟಿಗೇ ಇಳಿಯಿರಿ, ನಾವು ಕೆಳಗಿನಿಂದ ಎದುರು ಬರುತ್ತೇವೆ, ಇಲ್ಲವಾದರೆ ಇದ್ದಲ್ಲೇ ಇರಿ. ಕರೆ ಮಾಡಿದ್ದಕ್ಕೆ ಒಂದು ಮಾತೂ ಅನ್ನಲಿಲ್ಲ. ಇಷ್ಟು ಬೇಗ ಕರೆದದ್ದು ಒಳ್ಳೆಯದಾಯಿತು ಎಂದರು.

ಮೂರು ಗಂಟೆಗೆ ಶೆಲ್ಟರಿನೊಳಗಿಂದ ದನಿ ಬಂತು. ಏಳರ ಮಗ್ಗಿ, ಎಪ್ಪತ್ತರವರೆಗೆ, ತಡವರಿಸದೆ. ಆಮೇಲೆ ಯಾರೂ ಕೇಳದಿದ್ದರೂ ಎಂಟರದ್ದು.

ಇಳಿಯುವಾಗ ಗುಂಪನ್ನು ಒಡೆಯಲಿಲ್ಲ. ದಿಕ್ಸೂಚಿ ಹಿಡಿದವನು ಮುಂದೆ, ಅವನ ಹಿಂದೆಯೇ ಟೀಚರ್, ಕೊನೆಯಲ್ಲಿ ನಾನು. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಕೆ. ಜೇಕಬ್ಸ್ ಲ್ಯಾಡರ್ ಮೆಟ್ಟಿಲುಗಳು ಅಷ್ಟರಲ್ಲಿ ಗಾಜಿನಂತೆ ಹೆಪ್ಪುಗಟ್ಟಿದ್ದವು. ಹದಿನೆಂಟನೇ ಶತಮಾನದಲ್ಲಿ ಜೇಕಬ್ ಮಾರ್ಷಲ್ ಎಂಬ ರೈತ, ಹೇರು ಹೊತ್ತ ಕುದುರೆ ಸುತ್ತು ದಾರಿಯಲ್ಲಿ ನಿಧಾನ ಹತ್ತುವಾಗ ತಾನು ನೆಟ್ಟಗೆ ಹತ್ತಲು ಈ ಮೆಟ್ಟಿಲು ಕಡಿದನಂತೆ. ಕುದುರೆಯ ಆ ಸುತ್ತು ದಾರಿ ಈಗಲೂ ಇದೆ. ನಾವು ಅದನ್ನೇ ಹಿಡಿದೆವು. ಕೆಳಗಿನ ಕಲ್ಲುಸೇತುವೆ ಮುಟ್ಟಿದಾಗ 4:15, ಬೆಳಕು ಕಂದುತ್ತಿತ್ತು. ಸ್ವಲ್ಪ ಮುಂದೆ ಮೂರು ಟಾರ್ಚುಗಳು ಎದುರಾದವು. ಟೀಚರ್ ಮತ್ತು ಮಗನನ್ನು ಅವರ ವಾಹನದಲ್ಲಿ ಕರೆದೊಯ್ದು ತಪಾಸಣೆ ಮಾಡಿದರು. ಆಸ್ಪತ್ರೆ ಬೇಕಾಗಲಿಲ್ಲ.

ಆಮೇಲೆ

ವಾರದ ನಂತರ ಅವರ ಮನೆಯಲ್ಲಿ ಎಲ್ಲರೂ ಸೇರಿದೆವು. ಊಟದ ನಂತರ ಶೆಲ್ಟರ್‌ವರೆಗಿನ ಹೆಚ್ಚಿನ ಭಾಗ ಟೀಚರ್‌ಗೆ ನೆನಪಿಲ್ಲ. ತುಳಸಿ ಕಟ್ಟೆ ಮಾತ್ರ ನೆನಪಿದೆ. “ನಿಜವಾಗಿ ತುಳಸಿ ಕಟ್ಟೆ ಅಂತಲೇ ಅಂದ್ಕೊಂಡೆ ಕಣೋ. ಯಾಕೆ ಯಾರೂ ಪ್ರದಕ್ಷಿಣೆ ಹಾಕ್ತಿಲ್ಲ ಅನ್ನಿಸ್ತು” ಎಂದರು. ನಾವು ನಕ್ಕಿದ್ದ ಮಾತು ಅದು. ಊಟದ ಹೊತ್ತಿಗೇ ಬೆರಳು ಮರಗಟ್ಟಿತ್ತು ಎಂದೂ ಹೇಳಿದರು. ಯಾಕೆ ಹೇಳಲಿಲ್ಲ? “ನಾನೊಬ್ಬಳು ಬೇಡ ಅಂದಿದ್ರೆ ನಿಮ್ಮೆಲ್ಲರ ದಿನ ಹಾಳಾಗ್ತಿತ್ತಲ್ಲ.”

ಈ ಉತ್ತರವನ್ನು ಅವರ ತಪ್ಪೆಂದು ನಾನು ಓದುವುದಿಲ್ಲ. ನಮ್ಮಲ್ಲಿ ಹಿರಿಯರನ್ನು, ಅದರಲ್ಲೂ ಹೆಂಗಸರನ್ನು, ನಾಲ್ಕು ಜನರೆದುರು “ಆರಾಮಾ?” ಎಂದರೆ ಬರುವುದು ಒಂದೇ ಉತ್ತರ. ಅದು ಮೈಯ ಸ್ಥಿತಿ ಹೇಳುವ ಮಾತಲ್ಲ, ಮರ್ಯಾದೆಯ ಮಾತು. ಆ ಪ್ರಶ್ನೆಯನ್ನು ಎರಡು ಸಲ ಕೇಳಿ ನಾನು ನನ್ನ ಕರ್ತವ್ಯ ಮುಗಿಯಿತೆಂದುಕೊಂಡದ್ದು ತಪ್ಪು. ‘ಪರವಾಗಿಲ್ಲ’ ಎಂದು ಉತ್ತರಿಸಲು ಬರದಂಥ ಪ್ರಶ್ನೆ ಕೇಳಬೇಕಿತ್ತು, ಅದೂ ಪಕ್ಕದಲ್ಲಿ ನಡೆಯುತ್ತ, ಮೆಲ್ಲಗೆ. ಗ್ಲೌಸ್ ಎಲ್ಲಿ ತೋರಿಸಿ. ಒಳಂಗಿ ಒದ್ದೆಯಾಗಿದೆಯೋ ಒಣಗಿದೆಯೋ. ಚೀಲದ ಬಕಲ್ ಹಾಕಿ ನೋಡೋಣ. ಈಗ ನಮ್ಮ ನಡಿಗೆಗಳಲ್ಲಿ ಪ್ರತಿ ನಿಲುಗಡೆಯಲ್ಲೂ ಹೀಗೇ ಕೇಳುತ್ತೇವೆ. ಗುಂಪಿನ ಕಿರಿಯರಲ್ಲಿ ಒಬ್ಬರಿಗೆ, ಸರದಿಯ ಮೇಲೆ, ‘ನಿಲ್ಲಿ’ ಎನ್ನುವ ಹಕ್ಕು ಕೊಟ್ಟಿದ್ದೇವೆ; ಅವರು ಹೇಳಿದರೆ ಕಾರಣ ಕೇಳದೆ ನಿಲ್ಲಬೇಕು. ಹಿಂದಿರುಗುವ ಹೊತ್ತನ್ನು ಹಿಂದಿನ ರಾತ್ರಿಯೇ ಬರೆದು ಕಳಿಸುತ್ತೇವೆ. ರೈಲು ಅರ್ಧ ಗಂಟೆಗಿಂತ ತಡವಾದರೆ ಚಿಕ್ಕ ದಾರಿ, ಚರ್ಚೆಯಿಲ್ಲ. ಸ್ಪೇರ್ ಗ್ಲೌಸ್ ಎರಡು ಜೊತೆ ನನ್ನ ಚೀಲದಲ್ಲೇ ಇರುತ್ತವೆ.

ಊರಿಗೆ ಮರಳುವ ಮುನ್ನ, ಫೆಬ್ರವರಿ ಕೊನೆಯಲ್ಲಿ, ಟೀಚರ್ ಇನ್ನೊಮ್ಮೆ ಬಂದರು. ಈ ಸಲ ಹಾಲಿನ್ಸ್ ಕ್ರಾಸ್. ಈಡೇಲ್ ಕಡೆಯಿಂದ ಹತ್ತುವಾಗ ಒಂದು ಗೇಟಿನ ಹತ್ತಿರ ಅವರ ಪಕ್ಕಕ್ಕೆ ಸರಿದು, “ಟೀಚರ್, ಎಡಗೈ ಬೆರಳು ಯಾವ್ಯಾವುದು ಆಡ್ತಿದೆ?” ಎಂದೆ.

ಗ್ಲೌಸ್ ಬಿಚ್ಚಿ ಒಂದೊಂದಾಗಿ ಮಡಿಚಿ ನೋಡಿದರು. “ಕಿರುಬೆರಳು, ಉಂಗುರ ಬೆರಳು, ಎರಡೂ ಮರಗಟ್ಟಿವೆ. ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸು.”

ಗೋಡೆಯ ಮರೆಯಲ್ಲಿ ಹತ್ತು ನಿಮಿಷ ನಿಂತೆವು.